ಕಾಲುಹಾರ್ಮೋನಿಯಂ ಅವರ ಸನ್ನಿಧಾನಕ್ಕೆ, ಬಾಯಿ ಮಾತ್ರ ಆಡಿಸಿದವನ ದೂರು

ಮಾನ್ಯರೇ,

ತಮ್ಮ ಕರಿ ಬಿಳಿ ಮನೆಗಳಿಗೂ, ಒಳಗಿನ ತಿದಿಗೂ, ಮೇಲೆ ಹೊದ್ದಿರುವ ಕಸೂತಿಯ ಬಟ್ಟೆಗೂ ನಮ್ಮ ಸಭೆಯ ಪದ್ಧತಿಯಂತೆ ಮೊಣಕಾಲೂರಿ ವಂದಿಸುತ್ತೇನೆ. ದೂರು ಹೇಳುವವನು ಮೊದಲು ತನ್ನ ತಪ್ಪನ್ನು ಹೇಳಿಕೊಳ್ಳಬೇಕೆಂದು ಪಾದ್ರಿ ಅಯ್ಯನವರು ಪ್ರಸಂಗದಲ್ಲಿ ಆಗಾಗ ಎಚ್ಚರಿಸುವುದರಿಂದ, ಒಂದೂವರೆ ವರ್ಷದಿಂದ ಮುಚ್ಚಿಟ್ಟ ಸಂಗತಿಯೊಂದನ್ನು ಇಲ್ಲಿ ಬಿಚ್ಚಿಡುತ್ತೇನೆ. ತಮ್ಮ ಎಡಗಡೆ, ಎರಡನೆಯ ಸಾಲಿನ ಕೊನೆಯಲ್ಲಿ ಬಿಳಿ ನಿಲುವಂಗಿ ತೊಟ್ಟು ನಿಲ್ಲುವ ನಾನು ಹಾಡುವವರ ತಂಡವಾದ ಕ್ವಾಯರಿನಲ್ಲಿ ಈವರೆಗೆ ಒಂದು ಸ್ವರವನ್ನೂ ಹಾಡಿಲ್ಲ. ಬಾಯಿ ಮಾತ್ರ ಆಡಿಸಿದ್ದೇನೆ.

ಇದು ನನ್ನ ಸ್ವಂತ ಬುದ್ಧಿಯಲ್ಲ. ತಮ್ಮನ್ನು ನುಡಿಸುವ ಆವಲಪ್ಪ ಮೇಷ್ಟ್ರು ಮೊದಲ ಅಭ್ಯಾಸದ ದಿನವೇ ಕಿವಿ ಮುಚ್ಚಿಕೊಂಡು, “ಲೇ ಮುನಿಶಾಮಿ, ಎಣ್ಣೆ ಕಾಣದ ಗಾಡಿ ಕೀಲಿನಂಗೈತೆ ಕಣೋ ನಿನ್ ದನಿ. ಅಂಗಿ ಹೊಲಿಸಾಗೋಯ್ತು, ಇನ್ನೇನ್ ಮಾಡೋದು, ನಿಂತ್ಕೋ. ಬಾಯಾಡ್ಸು, ಶಬ್ದ ಮಾತ್ರ ಬಿಡ್ಬೇಡ” ಎಂದು ಅಪ್ಪಣೆ ಕೊಟ್ಟರು. ಎಂಟನೆಯ ತರಗತಿಯಲ್ಲಿ ಶಾಲೆ ಬಿಡುವವರೆಗೆ ಯಾವ ಮೇಷ್ಟ್ರೂ ನನಗೆ ಇಷ್ಟು ಸುಲಭವಾದ ಪಾಠ ಕೊಟ್ಟಿರಲಿಲ್ಲವಾದ್ದರಿಂದ ನಾನದನ್ನು ಚೆನ್ನಾಗಿ ಕಲಿತೆ. ಎಷ್ಟು ಚೆನ್ನಾಗಿ ಎಂದರೆ, ಮೊದಲ ಸಾಲಿನಲ್ಲಿ ಚಾಪೆಯ ಮೇಲೆ ಕೂರುವ ನನ್ನ ಅಜ್ಜಿ ಗಂಗುಲಮ್ಮ, ಎಂದರೆ ನಮ್ಮ ಅವ್ವ, “ಇಪ್ಪತ್ ಜನ ಹಾಡಿದ್ರೂ ನನ್ ಮೊಮ್ಮಗನ ದನಿ ನಂಗ್ ಬೇರೆ ಕೇಳಿಸ್ತೈತೆ” ಎಂದು ಬೀದಿಯಲ್ಲೆಲ್ಲ ಹೇಳಿಕೊಂಡು ಬಂದಳು.

ತಾವು ಬರುವ ಮೊದಲು ಮಂಡಿಕಲ್ಲಿನ ದಾರಿಯ ಈ ಪುಟ್ಟ ದೇವಾಲಯದಲ್ಲಿ ಸಂಗೀತವೆಂಬುದು ಎಷ್ಟು ಅನಾಗರಿಕವಾಗಿತ್ತೆಂದು ತಮಗೆ ತಿಳಿಸುವುದು ನನ್ನ ಕರ್ತವ್ಯ. ಸಭೆಯಲ್ಲಿ ಪುಸ್ತಕ ಓದಬಲ್ಲವರು ಬೆರಳೆಣಿಕೆಯಷ್ಟು ಮಂದಿ. ಆದ್ದರಿಂದ ಅವ್ವ ಎದ್ದು ನಿಂತು ಒಂದು ಸಾಲು ಹೇಳುತ್ತಿದ್ದಳು, ಸಭೆಯೆಲ್ಲ ಆ ಸಾಲನ್ನು ಹಾಡುತ್ತಿತ್ತು. ಅವಳು ಮುಂದಿನ ಸಾಲು ಹೇಳುತ್ತಿದ್ದಳು, ಸಭೆ ಮತ್ತೆ ಹಾಡುತ್ತಿತ್ತು. ಅವಳಿಗೂ ಓದು ಬಾರದು, ಆದರೆ ಕನ್ನಡದವೂ ತೆಲುಗಿನವೂ ಸೇರಿ ಎಂಬತ್ತು ಹಾಡುಗಳು ಬಾಯಲ್ಲಿದ್ದವು. ಪಕ್ಕದಲ್ಲಿ ನಲ್ಲಪ್ಪಜ್ಜ ಕಂಜಿರ ಬಡಿಯುತ್ತಿದ್ದ. ಮುಂದಿನವರು ಸಾಲು ಮುಗಿಸಿ ಉಸಿರೆಳೆದುಕೊಂಡ ಮೇಲೆ ಬಾಗಿಲ ಬಳಿಯವರು ಮುಗಿಸುತ್ತಿದ್ದುದರಿಂದ ದೇವರಿಗೆ ಒಂದೇ ಸ್ತೋತ್ರ ಎರಡೆರಡು ಸಲ ಸಲ್ಲುತ್ತಿತ್ತು. ಇಂಥ ಅವ್ಯವಸ್ಥೆ!

ಮಿಷನ್ ಬಂಗಲೆಯ ದೊರೆಸಾನಿ ತನ್ನ ದೇಶಕ್ಕೆ ಹೊರಟಾಗ ತಮ್ಮನ್ನು ನಮಗೆ ಬಿಟ್ಟುಕೊಟ್ಟಳು. ಹುಲ್ಲು ಹಾಸಿದ ಎತ್ತಿನ ಗಾಡಿಯಲ್ಲಿ ತಾವು ಬಿಜಯಂಗೈದ ದಿನ ಊರಾಚೆಯಿಂದ ದೇವಾಲಯದ ಬಾಗಿಲವರೆಗೆ ನಾವೆಲ್ಲ ಗಾಡಿಯ ಹಿಂದೆ ಗಂಟಲು ಹರಿಯುವಂತೆ ಹಾಡಿಕೊಂಡು ಬಂದೆವು. ತಮ್ಮನ್ನು ಒಳಗಿಳಿಸಿದ ಮೇಲೆ ಸಭೆ ಹಾಗೆ ಹಾಡಲಿಲ್ಲ. ಕ್ವಾಯರ್ ಹಾಡುವಾಗ ಸಭಿಕರು ಮೌನವಾಗಿ ಕೇಳತಕ್ಕದ್ದು, ಹಾಡು ಮುಗಿದೊಡನೆ ‘ಆಮೆನ್’ ಎನ್ನತಕ್ಕದ್ದು ಎಂದು ಹಿರಿಯರ ಕಮಿಟಿ ಗೊತ್ತುಮಾಡಿತು. ಅಭ್ಯಾಸಬಲದಿಂದ ಎದ್ದುನಿಂತ ಅವ್ವನಿಗೆ ಮೇಷ್ಟ್ರು ತಗ್ಗಿದ ದನಿಯಲ್ಲಿ, “ಕೂತ್ಕೊಳಮ್ಮ, ಶ್ರುತಿ ಕೆಡ್ತೈತೆ” ಎಂದರು. ಅವಳು ಕೂತಳು. ಕಂಜಿರ ನಲ್ಲಪ್ಪಜ್ಜನ ಮನೆಯ ಗೂಟ ಸೇರಿತು.

ಸುಳ್ಳು ಹೇಳಲಾರೆ. ತಮ್ಮ ನಾದ ಬಹಳ ಸೊಗಸು. ಹೋದ ಕ್ರಿಸ್ಮಸ್ಸಿನಲ್ಲಿ ನಾಲ್ಕು ದನಿಗಳು ತಮ್ಮ ಮೇಲೆ ಏರಿ ಇಳಿದಾಗ ಬಾಯಾಡಿಸುತ್ತಿದ್ದ ನನಗೇ ಕಣ್ಣು ತುಂಬಿತು. ಅದನ್ನು ಕೇಳಲು ಚಿಕ್ಕಬಳ್ಳಾಪುರದಿಂದ ಜನ ಬಂದರು. ತಾವು ನುಡಿಯಬಾರದೆಂದು ನಾನೆಂದೂ ಹೇಳೆನು. ತಾವೊಬ್ಬರೇ ನುಡಿದದ್ದರಿಂದ ಆದದ್ದನ್ನು ಮಾತ್ರ ಹೇಳುತ್ತೇನೆ.

ಕಳೆದ ಗುರುವಾರ ನಲ್ಲಪ್ಪಜ್ಜ ತೀರಿಕೊಂಡ. ಆ ದಿನ ಮೇಷ್ಟ್ರೂ ಕ್ವಾಯರೂ ಚಿಕ್ಕಬಳ್ಳಾಪುರದ ಒಂದು ಮದುವೆಗೆ ಹಾಡಲು ಹೋಗಿದ್ದರು; ಗಾಡಿಯಲ್ಲಿ ಜಾಗ ಸಾಲದಾಗ, ಶಬ್ದ ಮಾಡದವನೊಬ್ಬ ಕಡಿಮೆಯಾದರೆ ಕೊರತೆಯಿಲ್ಲವೆಂದು ನನ್ನನ್ನು ಬಿಟ್ಟುಹೋಗಿದ್ದರು. ತಮಗೆ ಎರಡು ಪೆಡಲುಗಳಿದ್ದರೂ ತಾವು ಸಮಾಧಿ ತೋಟದವರೆಗೆ ನಡೆದು ಬರಲಿಲ್ಲ. ಅಯ್ಯನವರು ವಾಕ್ಯ ಓದಿ, ಶವದ ಪೆಟ್ಟಿಗೆಯನ್ನು ಗುಂಡಿಗೆ ಇಳಿಸಿದ ಮೇಲೆ, “ಈಗ ಹಾಡೋಣ” ಎಂದರು. ನೂರು ಜನ ನಿಂತಿದ್ದೆವು. ಒಬ್ಬರೂ ಬಾಯಿ ತೆರೆಯಲಿಲ್ಲ. ಎಲ್ಲರೂ ಯಾರಾದರೂ ಹಾಡಲೆಂದು ಕೈಕಟ್ಟಿ ಕಾದರು. ಎಂಬತ್ತು ಹಾಡು ಬಲ್ಲ ಅವ್ವನೂ ಕಾದಳು. ಕೊನೆಗೆ ನನ್ನ ತೋಳು ತಿವಿದು, “ಹಾಡು ಕಣಪ್ಪ. ಕ್ವಾಯರ್‌ನೋನು ನೀನೇ ಅಲ್ವಾ ಇಲ್ಲಿರೋದು? ನಲ್ಲಪ್ಪ ಕಾಯ್ತಾವ್ನೆ” ಎಂದಳು.

ನಾನು ಹಾಡಲು ನಿಜವಾಗಿಯೂ ಬಾಯಿ ತೆರೆದೆ. ತುಟಿಗಳು ಆಡಿದವು. ದನಿ ಬರಲಿಲ್ಲ. ಒಂದೂವರೆ ವರ್ಷದ ಪಾಠ ಅಷ್ಟು ಪಕ್ಕಾ ಆಗಿತ್ತು. ನಾಲ್ಕು ಸಾಲಿಗಾಗುವಷ್ಟು ಹೊತ್ತು ತುಟಿ ಆಡಿಸಿ ನಿಲ್ಲಿಸಿದೆ. ಆಗ ನಮ್ಮ ಸಭೆ ಒಂದೇ ಕಂಠದಿಂದ “ಆಮೆನ್” ಎಂದಿತು. ಯಾರೂ ಹಾಡದ ಹಾಡಿಗೆ ಅಷ್ಟು ಶಿಸ್ತಿನ ಆಮೆನ್ ಚಿಂತಾಮಣಿಯಿಂದ ಗೌರಿಬಿದನೂರಿನವರೆಗೆ ಯಾವ ಸಭೆಯೂ ಹೇಳಿರಲಾರದು. ಈ ಕೀರ್ತಿ ತಮ್ಮದು.

ಅವ್ವ ಮಾತ್ರ ಆಮೆನ್ ಎನ್ನಲಿಲ್ಲ. ದಾರಿಯಲ್ಲಿ, “ಹಂಗಾರೆ ಇಷ್ಟ್ ದಿನ ನಾನ್ ಕೇಳಿದ್ದು ಯಾರ್ ದನೀನೋ?” ಎಂದಳು.

ಆದ್ದರಿಂದ ತಮ್ಮಲ್ಲಿ ಕೆಲವು ವಿನಂತಿಗಳು. ಇನ್ನು ಮುಂದೆ ಹೂಳುವಲ್ಲಿಗೆ ತಾವೇ ನಡೆದು ಬರಬೇಕು. ಮಳೆ ಬಂದರೆ ಕೊಡೆ ನಾವು ಹಿಡಿಯುತ್ತೇವೆ. ರಾಗಿ ಕಳೆ ಕೀಳುವಾಗ ಸಾಲಿನ ಕೊನೆಯಲ್ಲಿ ನಿಂತು, ಹೆಂಗಸರು ಮರೆಯುತ್ತಿರುವ ಹಾಡುಗಳನ್ನು ಒಂದೊಂದು ಸಾಲಾಗಿ ಹೇಳಿಕೊಡಬೇಕು. ಓದು ಬಾರದವರ ಬದಲಿಗೆ ತಾವೇ ಅವರ ಪಾಪಗಳನ್ನೂ ಅರಿಕೆ ಮಾಡಿಬಿಟ್ಟರೆ ಇನ್ನೂ ಒಳ್ಳೆಯದು. ಇವು ಕಷ್ಟವೆನಿಸಿದರೆ, ಭಾನುವಾರದ ಐದು ಹಾಡುಗಳಲ್ಲಿ ಎರಡರ ಹೊತ್ತು ತಾವು ಮುಚ್ಚಳ ಹಾಕಿಕೊಂಡು ಸುಮ್ಮನಿರಬೇಕು. ಅವ್ವ ಎದ್ದು ನಿಲ್ಲಲಿ. ಶ್ರುತಿ ಕೆಡಲಿ. ಮೂರು ಹಾಡು ತಮ್ಮವು. ನಾವು ಬಾಯಿ ಮುಚ್ಚಿ, ಸಂತೋಷದಿಂದಲೇ ಕೇಳುತ್ತೇವೆ.

ಇದರ ಒಂದು ಪ್ರತಿಯನ್ನು ದೇವಾಲಯದ ಬಾಗಿಲಿಗೆ ಅಂಟಿಸಿದ್ದೇನೆ. ಓದು ಬಾರದವರಿಗೆ ಓದಬಲ್ಲವರು ಸಾಲು ಸಾಲಾಗಿ ಹೇಳಿಕೊಡಬೇಕೆಂದು ಕೋರಿಕೆ.

ಇಷ್ಟು ದಿನ ಸದ್ದಿಲ್ಲದೆ ಇದ್ದ,
ತಮ್ಮ ವಿಶ್ವಾಸಿ,
ಎರ್ರಪ್ಪನ ಮಗ ಮುನಿಶಾಮಿ

ಮರೆತ ಮಾತು: ನನ್ನ ನಿಲುವಂಗಿಯನ್ನು ಮಡಿಸಿ ತಮ್ಮ ಮೇಲಿಟ್ಟಿದ್ದೇನೆ, ಹಾಡದ ಯಾರಿಗಾದರೂ ಸರಿಹೊಂದುತ್ತದೆ, ಕಮಿಟಿಯಲ್ಲೇ ಹುಡುಕಬಹುದು. ನಿನ್ನೆ ಸಂಜೆ ಅವ್ವನಿಗೆ ಎಲ್ಲವನ್ನೂ ಹೇಳಿದೆ. ಅವಳು ಬೈಯಲಿಲ್ಲ. ನಲ್ಲಪ್ಪಜ್ಜನಿಗೆ ಸಲ್ಲಬೇಕಾಗಿದ್ದ ಹಾಡಿನ ಮೊದಲ ಸಾಲು ಹೇಳಿ, “ಊಂ, ಅನ್ನು” ಎಂದಳು. ನಾಲ್ಕು ಚರಣವನ್ನೂ ನನ್ನಿಂದ ಅನ್ನಿಸಿ, “ಮೇಷ್ಟ್ರು ಹೇಳಿದ್ದು ದಿಟ ಕಣಪ್ಪ, ಗಾಡಿ ಕೀಲೇ. ಆದ್ರೆ ಕೇಳಿಸ್ತೈತೆ” ಎಂದಳು. ಶಿಡ್ಲಘಟ್ಟದಲ್ಲಿ ರೇಷ್ಮೆ ನೂಲು ತೆಗೆಯುವ ಕೆಲಸ ಸಿಕ್ಕಿದೆ. ನಾಳೆ ಬೆಳಗಿನ ರೈಲಿಗೆ ಹೊರಡುತ್ತೇನೆ.