ಅತ್ತೆ ಸೇನೆ ಹಿಂತೆಗೆದುಕೊಂಡದ್ದು

ನಮ್ಮ ಸೋದರತ್ತೆಗೆ ರಾಜಾಜಿನಗರದ ತಮ್ಮ ಮನೆಯ ಆಚೆ ಮೂರು ಸೇನಾನೆಲೆಗಳಿದ್ದವು ಅಂದರೆ ನೀವು ನಗುತ್ತೀರಿ. ನಗಿ, ಪರವಾಗಿಲ್ಲ. ಅವರ ಎದುರಿಗೆ ಮಾತ್ರ ನಗಬೇಡಿ. ಮೂವತ್ತು ವರ್ಷ ಹೈಸ್ಕೂಲಿನಲ್ಲಿ ಸಮಾಜ ವಿಜ್ಞಾನ ಕಲಿಸಿ ನಿವೃತ್ತರಾದವರು. ಪೇಪರು ಬಂದರೆ ಮೊದಲು ತೆರೆಯುವುದು ವಿದೇಶದ ಪುಟ. ಯಾವ ಸಮುದ್ರದಲ್ಲಿ ಯಾರ ಯುದ್ಧನೌಕೆ ನಿಂತಿದೆ ಅನ್ನುವುದು ಅವರಿಗೆ ಗೊತ್ತು. ಒಲೆಯ ಮೇಲೆ ಹಾಲು ಉಕ್ಕುತ್ತಿರುವುದು ಮಾತ್ರ ಗೊತ್ತಾಗುವುದಿಲ್ಲ.

ಮೂಡಲಪಾಳ್ಯದ ಚಿಕ್ಕಪ್ಪನ ಮನೆ, ಬಾಪೂಜಿನಗರದ ನಮ್ಮಕ್ಕನ ಮನೆ, ನಂದಿನಿ ಲೇಔಟ್‌ನ ನಮ್ಮ ಮನೆ, ಇವೇ ಆ ನೆಲೆಗಳು. ಮೂರು ಮನೆಯಲ್ಲೂ ಬೀರುವಿನ ಒಂದು ಅರೆ ಅತ್ತೆಯದು. ಅದರಲ್ಲಿ ಎರಡು ಸೀರೆ, ಒಂದು ಬ್ರಷ್ಷು, ಹಳೇ ಕನ್ನಡಕ, ಬಿಪಿ ಮಾತ್ರೆ ಸದಾ ಸಿದ್ಧ. ಹಿಂದೊಮ್ಮೆ ಚಿಕ್ಕಪ್ಪನ ಜೊತೆ ಜಗಳವಾಡಿ ಚಿಕ್ಕಮ್ಮ ತವರಿಗೆ ಹೊರಟಿದ್ದರು. ಅತ್ತೆ ಬ್ಯಾಗು ತುಂಬಿ, ಆಟೋ ಹಿಡಿದು ಮೂಡಲಪಾಳ್ಯ ಮುಟ್ಟುವಷ್ಟರಲ್ಲಿ ಚಿಕ್ಕಮ್ಮನ ಬಸ್ಸು ತುಮಕೂರು ದಾಟಿತ್ತು. ಬ್ಯಾಗು ತುಂಬುವುದರಲ್ಲೇ ಯುದ್ಧ ಸೋತೆ ಎಂದು ಅತ್ತೆ ಕೊರಗಿದರು. ಅಂದಿನಿಂದ ಈ ವ್ಯವಸ್ಥೆ.

"ಹೊಡೆಯೋದು ಮುಖ್ಯ ಅಲ್ಲ ಕಣೋ," ಎಂದು ನನಗೆ ವಿವರಿಸಿದ್ದರು. "ತಂಟೆ ಮಾಡಿದ್ರೆ ಇವ್ರು ಬಂದೇ ಬರ್ತಾರೆ ಅಂತ ಎದುರಾಳಿಗೆ ಗೊತ್ತಿರ್ಬೇಕು. ಅಷ್ಟಿದ್ರೆ ಯುದ್ಧಾನೇ ಆಗಲ್ಲ."

ನಮಗೆ ಅದು ಚೆನ್ನಾಗಿಯೇ ಗೊತ್ತಿತ್ತು. ನನ್ನ ದನಿ ಏರಿದರೆ ಹೆಂಡತಿ ಬೀರುವಿನ ಕಡೆ ನೋಡುತ್ತಿದ್ದಳು. ಅವಳ ದನಿ ಏರಿದರೆ ನಾನು ನೋಡುತ್ತಿದ್ದೆ. ಅತ್ತೆ ಬಂದರೆ ತಪ್ಪು ಯಾರದೆಂದು ಕೇಳುವವರೇ ಅಲ್ಲ. ಇಬ್ಬರನ್ನೂ ಸೋಫಾದ ಮೇಲೆ ಕೂರಿಸಿ, ಯಾವುದೋ ಕಾಲದ ಶಾಂತಿ ಒಪ್ಪಂದಕ್ಕೆ ಎಂಟು ಕಾರಣ, ಎಂಟು ಪರಿಣಾಮ ಹೇಳುತ್ತಿದ್ದರು. ಅದನ್ನು ಕೇಳುವುದಕ್ಕಿಂತ ಜಗಳ ಬಿಡುವುದು ಸುಲಭವಲ್ಲವೇ?

ಒಮ್ಮೆ ನಮ್ಮ ಎದುರುಮನೆಯವರು ರಸ್ತೆಯಲ್ಲಿ ಹೂಕುಂಡಗಳನ್ನು ಸಾಲಾಗಿಟ್ಟು ನಮ್ಮ ಗೇಟಿನವರೆಗೂ ಗಡಿ ವಿಸ್ತರಿಸಿದರು. ನಾನು ಜಗಳಕ್ಕೆ ಹೊರಟರೆ ಅತ್ತೆ ತಡೆದರು. ಪಾರ್ಕಿನ ಮೂವರು ಗೆಳತಿಯರನ್ನು ಕರೆಸಿಕೊಂಡು, ನಾಲ್ವರೂ ಛತ್ರಿ ಹಿಡಿದು, ಆ ಮನೆಯ ಮುಂದೆ ಮಾತಿಲ್ಲದೆ ಹತ್ತು ಸುತ್ತು ನಡೆದರು. ನೌಕಾಪಡೆಯ ಸಮರಾಭ್ಯಾಸವಂತೆ. ಸಂಜೆಯೊಳಗೆ ಕುಂಡಗಳು ಹಿಂದೆ ಸರಿದವು. ಮರುದಿನ ಎದುರುಮನೆಯವರು ನನ್ನನ್ನು ಪಕ್ಕಕ್ಕೆ ಕರೆದು ಮೆಲ್ಲಗೆ ಕೇಳಿದರು, "ಸಾರ್, ಆ ಮೇಡಂ ಯಾವ ಡಿಪಾರ್ಟ್‌ಮೆಂಟು?"

"ಸಮಾಜ ವಿಜ್ಞಾನ," ಅಂದೆ.

ಹೀಗಿರುವಾಗ ವಿದೇಶದ ಪುಟದ ಹವಾಮಾನ ಬದಲಾಯಿತು. ದೊಡ್ಡಣ್ಣನಂತಿದ್ದ ದೇಶ ದೂರದೂರದಲ್ಲಿಟ್ಟ ಸೈನ್ಯವನ್ನು ವಾಪಸು ಕರೆಸಿಕೊಳ್ಳುವ ಮಾತಾಡುತ್ತಿದೆ, ಮಿತ್ರರು ತಮ್ಮನ್ನು ತಾವೇ ನೋಡಿಕೊಳ್ಳಲಿ ಅನ್ನುತ್ತಿದೆ, ಅತ್ತ ಹೊಸ ಶಕ್ತಿಗಳು ಎದ್ದಿವೆ. ಅತ್ತೆ ಒಂದು ವಾರ ಸರಿಯಾಗಿ ಊಟ ಮಾಡಲಿಲ್ಲ. ಭಾನುವಾರ ನಮ್ಮೆಲ್ಲರನ್ನೂ ರಾಜಾಜಿನಗರಕ್ಕೆ ಕರೆಸಿ, ಉಪ್ಪಿಟ್ಟು ಕೊಟ್ಟು, ಘೋಷಿಸಿದರು.

"ಮೂರೂ ನೆಲೆ ಮುಚ್ತಾ ಇದೀನಿ."

"ಯಾಕಕ್ಕಾ, ನಾವೇನಾದ್ರೂ ಅಂದ್ವಾ?" ಎಂದರು ಚಿಕ್ಕಪ್ಪ.

"ನೀವೇನೂ ಅಂದಿಲ್ಲ. ನಾನೇ ಯೋಚ್ನೆ ಮಾಡ್ದೆ. ನಾನು ಬಂದ್ರೆ ಸುಮ್ನಾಗ್ತೀರ, ನಾನು ಆಟೋ ಹತ್ತಿದ ತಕ್ಷಣ ಮತ್ತೆ ಶುರು. ಅದು ಶಾಂತಿ ಅಲ್ಲ, ಬರೀ ಕದನ ವಿರಾಮ. ಎಪ್ಪತ್ನಾಲ್ಕು ವರ್ಷದ ದೇಶ ಎಷ್ಟು ದಿನ ಅಂತ ಕಾವಲು ಕಾಯತ್ತೆ? ಅಲ್ದೆ ಈಗ ಹೊಸ ಶಕ್ತಿ ಎದ್ದಿದೆ," ಎಂದು ನನ್ನ ಹೆಂಡತಿಯ ಕಡೆ ಕೈ ತೋರಿಸಿದರು. ಅವಳು ಬಾಯಲ್ಲಿದ್ದ ಉಪ್ಪಿಟ್ಟನ್ನು ಹಾಗೇ ನುಂಗಿದಳು.

ಆ ವಾರವೇ ಅತ್ತೆ ಬಟ್ಟೆಚೀಲ ಹಿಡಿದು ಮೂರು ಮನೆಗೂ ಬಂದು ತಮ್ಮ ಸಾಮಾನು ಒಯ್ದರು. ಸುಳ್ಳೇಕೆ ಹೇಳಲಿ, ನನಗೆ ಬಿಡುಗಡೆಯೇ ಅನ್ನಿಸಿತು.

ಹದಿನೈದು ದಿನ ಕಳೆದಿರಲಿಲ್ಲ, ಹೊಸದಾಗಿ ಕೊಳ್ಳುವ ವಾಷಿಂಗ್ ಮಷಿನ್ನಿನ ಬಾಗಿಲು ಮೇಲಿರಬೇಕೋ ಮುಂದಿರಬೇಕೋ ಎಂಬ ವಿಷಯಕ್ಕೆ ನಮ್ಮ ಮನೆಯಲ್ಲಿ ಯುದ್ಧ ಶುರುವಾಯಿತು. ತಡೆಯುವವರಿಲ್ಲ. ಬಾಗಿಲಿನಿಂದ ಶುರುವಾದದ್ದು ಅವಳ ತವರಿಗೆ ಹೋಯಿತು, ಅಲ್ಲಿಂದ ನಮ್ಮ ಮದುವೆಯೂಟದ ಸಾರಿನ ರುಚಿಗೆ ಬಂತು. ನಾನು ಆಡಬಾರದ ಒಂದು ಮಾತು ಆಡಿದೆ. ಶನಿವಾರ ಬೆಳಿಗ್ಗೆ ಅವಳು ಬ್ಯಾಗು ಹಿಡಿದು ಹೊರಟುಹೋದಳು. ಫೋನು ಮಾಡಿದರೆ ಎತ್ತಲಿಲ್ಲ.

ಮಧ್ಯಾಹ್ನದವರೆಗೆ ಗತ್ತಿನಲ್ಲಿದ್ದೆ. ಆಮೇಲೆ ಹೆದರಿಕೆಯಾಯಿತು. ಅತ್ತೆಯ ಕಾಲು ಹಿಡಿದಾದರೂ ರಾಜಿಗೆ ಕರೆತರೋಣವೆಂದು ಸ್ಕೂಟರ್ ಹತ್ತಿ ರಾಜಾಜಿನಗರಕ್ಕೆ ಹೋದೆ. ಬಾಗಿಲು ತೆಗೆದವಳು ನನ್ನ ಹೆಂಡತಿ.

ಒಳಗೆ ಮಂಚದ ಮೇಲೆ ಅತ್ತೆ. ಬಲಗಾಲಿನ ಪಾದ ಊದಿಕೊಂಡು ನೀಲಿಯಾಗಿತ್ತು.

"ನಿಮ್ಮ ಮೇಲೆ ದೂರು ಹೇಳೋಕೆ ಬಂದೆ ರೀ," ಎಂದಳು ಹೆಂಡತಿ. "ಬಂದು ನೋಡಿದ್ರೆ ಹೀಗಿದಾರೆ. ಬಚ್ಚಲಲ್ಲಿ ಜಾರಿ ಬಿದ್ದು ಮೂರು ದಿನ ಆಗಿದೆ. ಬರೀ ಬ್ರೆಡ್ಡು ತಿಂದ್ಕೊಂಡು ಇದಾರೆ. ಈಗ ತಾನೇ ಡಾಕ್ಟರ ಹತ್ರ ಕರ್ಕೊಂಡು ಹೋಗಿದ್ದೆ. ಮುರಿದಿಲ್ಲವಂತೆ, ಉಳುಕಿದೆ."

"ಯಾಕತ್ತೆ ಒಂದು ಫೋನ್ ಮಾಡ್ಲಿಲ್ಲ?"

"ಸೈನ್ಯ ವಾಪಸ್ ಕರೆಸ್ಕೊಂಡೋರು ಮಿತ್ರರಾಷ್ಟ್ರಗಳಿಗೆ ತೊಂದ್ರೆ ಕೊಡ್ಬಾರ್ದು," ಎಂದರು ಅತ್ತೆ, ಗೋಡೆ ನೋಡುತ್ತ. ನಗಬೇಕೆಂದುಕೊಂಡೆ. ಆಗಲಿಲ್ಲ.

ಹೆಂಡತಿಗೆ ಬಾಗಿಲ ಬಳಿ ಮೆಲ್ಲಗೆ, "ತಪ್ಪಾಯ್ತು," ಅಂದೆ. ಅವಳು, "ಅದು ಆಮೇಲೆ," ಎಂದು ಮತ್ತೆ ಮಂಚದ ಅಂಚಿಗೆ ಹೋಗಿ ಕೂತಳು. ಔಷಧಿಯ ಮಂಪರಿಗೆ ಅತ್ತೆಯ ಕಣ್ಣು ಮುಚ್ಚಿತ್ತು. ಮಲಗಿದರೆಂದು ನಾವು ತಿಳಿದಿದ್ದೆವು.

"ಅವ್ನು ಕರ್ಕೊಂಡು ಹೋಗೋಕೆ ಬಂದಿದಾನೆ. ಹೋಗ್ತೀಯೇನೇ?"

ಅತ್ತೆಯ ಬಾಯಲ್ಲಿ ಅಷ್ಟು ಸಣ್ಣ ದನಿಯನ್ನು ನಾನು ಕೇಳಿರಲಿಲ್ಲ.

"ಇಲ್ಲ ಅತ್ತೆ. ಇರ್ತೀನಿ."

"ಎಷ್ಟು ದಿನ?"

"ನೀವು ಸಾಕು ಅನ್ನೋವರೆಗೂ."

ಅತ್ತೆ ಕಣ್ಣು ತೆರೆಯದೆ ಕೈ ಚಾಚಿ ನನ್ನ ಹೆಂಡತಿಯ ದುಪಟ್ಟಾದ ತುದಿಯನ್ನು ಹುಡುಕಿ, ಗಟ್ಟಿಯಾಗಿ ಹಿಡಿದುಕೊಂಡರು. ನಾನು ಅಡುಗೆಮನೆಗೆ ಹೋಗಿ ಮೂವರಿಗಾಗುವಷ್ಟು ಅಕ್ಕಿ ತೊಳೆದಿಟ್ಟೆ.