ನಡುಗದ ಮೋಟಾರು

ಹೊಚ್ಚ ಹೊಸ ಮೋಟಾರು ಕೊಂಡು, ಅದರ ಮುಂದೆ ಎತ್ತು ಹೂಡಿದ ಮನುಷ್ಯ ನಿಜಾಮರ ಸೀಮೆಯಲ್ಲೆಲ್ಲ ಒಬ್ಬರೇ ಇದ್ದರು, ಅವರು ನನ್ನ ಕಾಕಾ ಎಂದರೆ ನೀವು ನಂಬಲಿಕ್ಕಿಲ್ಲ. ನಂಬದಿದ್ದರೂ ತಪ್ಪಿಲ್ಲ. ಆ ಮೋಟಾರಿನ ಸ್ಟಿಯರಿಂಗ್ ಹಿಡಿದು ಕೂತವನು ನಾನು. ನನಗೇ ಒಮ್ಮೊಮ್ಮೆ ನಂಬಿಕೆ ಬರುವುದಿಲ್ಲ.

ಕಾಕಾ ಹೋಗಿ ಒಂದು ತಿಂಗಳಾಯಿತು. ಮಾತಾಡಿಸಲಿಕ್ಕೆ ಬರುವ ಮಂದಿ ಇನ್ನೂ ನಿಂತಿಲ್ಲ. ಬರುವಾಗ ಮುಖ ಇಳಿಬಿಟ್ಟುಕೊಂಡೇ ಬರುತ್ತಾರೆ. ಕಂಬಳಿಯ ಮೇಲೆ ಕೂತು ನಿಟ್ಟುಸಿರು ಬಿಡುತ್ತಾರೆ. ಆಮೇಲೆ ಯಾರೋ ಒಬ್ಬರು ಮೆಲ್ಲಗೆ, "ಆ ಮೋಟಾರ..." ಎನ್ನುತ್ತಾರೆ. ಅಷ್ಟೇ ಸಾಕು. ಎಲ್ಲರೂ ಟವೆಲ್ಲಿನಿಂದ ಬಾಯಿ ಮುಚ್ಚಿಕೊಳ್ಳುತ್ತಾರೆ, ಹೆಗಲು ಅಲುಗುತ್ತವೆ. ದೂರದಿಂದ ನೋಡಿದವರಿಗೆ ಅಳುತ್ತಿದ್ದಾರೆ ಎಂದೇ ಅನ್ನಿಸಬೇಕು. ಸತ್ತ ಮೇಲೂ ತನ್ನ ಮನೆಗೆ ಬಂದವರನ್ನು ನಗಿಸಿ ಕಳಿಸುವ ಮನುಷ್ಯನ ಮೇಲೆ ಸಿಟ್ಟಾಗುವುದಾದರೂ ಹೇಗೆ? ನಾನು ಮಾತ್ರ ಅವರ ಜೊತೆ ನಗಲಾರೆ. ಯಾಕೆಂದು ಹೇಳುತ್ತೇನೆ.

ಕಾಕಾನಿಗೆ ಲೋಕದಲ್ಲಿ ಗೊತ್ತಿದ್ದದ್ದು ಒಂದೇ, ಎತ್ತು. ಕಲ್ಯಾಣದ ಸುತ್ತಲಿನ ಹಳ್ಳಿಗಳಲ್ಲಿ ಯಾರೇ ಎತ್ತು ಕೊಳ್ಳಲಿ, ಮೊದಲು ಕಾಕಾ ಬಂದು ಹಲ್ಲು ನೋಡಬೇಕು, ಸುಳಿ ನೋಡಬೇಕು, ಬೆನ್ನ ಮೇಲೆ ಕೈಯಾಡಿಸಬೇಕು. ನನ್ನ ಅಕ್ಕನನ್ನು ನೋಡಲು ವರ ಬಂದಾಗ ಕಾಕಾ ಅವನನ್ನು ಅಂಗಳದಲ್ಲಿ ನಾಲ್ಕು ಹೆಜ್ಜೆ ನಡೆಸಿ, ಹಿಂದಿನಿಂದ ನೋಡಿ, "ನಡಿಗೆದಾಗ ಏನೂ ಖೋಡಿ ಇಲ್ಲ, ಕೊಡ್ರಿ" ಎಂದು ಒಪ್ಪಿಗೆ ಕೊಟ್ಟರು. ಭಾವ ಇವತ್ತಿಗೂ ನಮ್ಮ ಅಂಗಳದಲ್ಲಿ ಗೋಡೆಗೆ ಬೆನ್ನು ಕೊಟ್ಟೇ ನಡೆಯುತ್ತಾನೆ.

ಇಂಥವರು ಮೋಟಾರು ಯಾಕೆ ಕೊಂಡರು? ಅವರ ಹೆಂಡತಿ, ನನ್ನ ಕಾಕುವಿನ ಸಲುವಾಗಿ. ಕಾಕು ಬಾವಿಯ ಮೆಟ್ಟಿಲ ಮೇಲೆ ಜಾರಿ ಬಿದ್ದು ಬೆನ್ನುಹುರಿಗೆ ಪೆಟ್ಟು ಮಾಡಿಕೊಂಡಿದ್ದಳು. ಮೂರು ತಿಂಗಳ ಮೇಲೆ ಎದ್ದು ಕೂತಳು, ಅಷ್ಟೇ, ಮುಂದೆ ಏಳಲಿಲ್ಲ. ಎತ್ತಿನ ಬಂಡಿಯಲ್ಲಿ ಕೂಡಿಸಿದರೆ ಗಾಲಿ ಒಂದು ಕಲ್ಲು ಹತ್ತಿ ಇಳಿಯುವಷ್ಟರಲ್ಲಿ ಮುಖ ಬಿಳಿಚಿಕೊಳ್ಳುತ್ತಿತ್ತು. ಬಂಡಿ ಹತ್ತಲೇಬಾರದು ಎಂದು ಹುಮನಾಬಾದಿನ ಡಾಕ್ಟರು ಹೇಳಿದ್ದರು. ಆಕೆಯ ತವರು ಘಾಟಬೋರಾಳ. ಅಲ್ಲಿ ಮುದುಕಿ ತಾಯಿ. ಕಾಕು ಅವ್ವನ ಮುಖ ನೋಡಿ ಎರಡು ವರ್ಷವಾಗಿತ್ತು. ಕಾಕುವಿಗೆ ಮಕ್ಕಳಿರಲಿಲ್ಲ. ಬೇಕು ಎಂದು ಬಾಯಿಬಿಟ್ಟು ಕೇಳಿದ್ದು ಜನ್ಮದಲ್ಲಿ ಅದೊಂದೇ. "ಒಮ್ಮೆ ಅವ್ವನ ನೋಡಬೇಕಿತ್ತರಿ."

ಕಾಕಾ ಮರುದಿನವೇ ನನ್ನನ್ನು ಕರೆದುಕೊಂಡು ಹುಮನಾಬಾದಿಗೆ ಹೋದರು. ಅಲ್ಲಿ ಸಡಕಿನ ಬದಿಗೆ ಸೇಠಜಿಯ ಮೋಟಾರು ಅಂಗಡಿ. ಹೈದರಾಬಾದಿನಿಂದ ಬಂದಿಳಿದ ಹೊಸ ಕರೀ ಗಾಡಿ ಬಾಗಿಲಲ್ಲೇ ನಿಂತಿತ್ತು. ಕಾಕಾ ಅದರ ಸುತ್ತ ಮೂರು ಸಲ ತಿರುಗಿದರು. ಬಾನೆಟ್ಟಿನ ಮೇಲೆ ಅಂಗೈಯಾಡಿಸಿ ಕೆಟ್ಟ ಸುಳಿ ಇದೆಯೇ ಎಂದು ನೋಡಿದರು. ಆಮೇಲೆ, "ಬಾಯಿ ತಗೀರಿ" ಎಂದರು. ಅಂಗಡಿಯ ಮಿಸ್ತ್ರಿ, ಎಲ್ಲರೂ ಉಸ್ತಾದ್ ಎನ್ನುತ್ತಿದ್ದರು, ನಗು ತಡೆದುಕೊಂಡು ಬಾನೆಟ್ ಎತ್ತಿದ. ಕಾಕಾ ಬಗ್ಗಿ ನೋಡಿ, "ಹಾಲುಹಲ್ಲ ಅದ" ಎಂದು ಒಪ್ಪಿದರು.

"ಎಂಟ ದಿನದ ಮಾತ ಹ್ಯಾಂಗ್ರಿ ಸೇಠಜಿ?" ಎಂದು ಕೇಳಿದರು.

ನಮ್ಮ ಕಡೆ ಎತ್ತಿನ ಪೇಟೆಯಲ್ಲಿ ಒಂದು ರೂಢಿ. ಕೊಂಡ ಎತ್ತು ಎಂಟು ದಿನದೊಳಗೆ ನೊಗದಲ್ಲಿ ಮಲಗಿತೋ, ಮೈಗಳ್ಳತನ ಮಾಡಿತೋ, ಕೊಂಡವನು ಅದನ್ನು ಹೊಡೆದುಕೊಂಡು ಬಂದು ಮಾರಿದವನ ಬಾಗಿಲಿಗೆ ಕಟ್ಟುತ್ತಾನೆ. ಮಾರಿದವನು ತಕರಾರಿಲ್ಲದೆ ಹಗ್ಗ ಹಿಡಿಯಬೇಕು. ಸೇಠಜಿಗೆ ಇದೆಲ್ಲ ಏನು ಗೊತ್ತು? ಅವರು ನಗುತ್ತ, "ಎಂಟ ದಿನ ಯಾಕ್ರಿ ಸಾವಕಾರ್ರೆ, ಎಂಟ ವರ್ಷ ನಮ್ಮ ಜಿಮ್ಮಾ" ಎಂದು ಹೊಣೆ ಹೊತ್ತುಬಿಟ್ಟರು.

ಪಾಪ, ಆಡಿದ ಮಾತಿನಂತೆಯೇ ಆಯಿತು.

ಉಸ್ತಾದನೇ ಗಾಡಿ ನಡೆಸಿಕೊಂಡು ಕಲ್ಯಾಣಕ್ಕೆ ಬಂದ. ಪೂಜೆಯಾಯಿತು, ಗಾಲಿಗಳಡಿ ನಿಂಬೆಹಣ್ಣು ಇಟ್ಟದ್ದಾಯಿತು. ಕಾಕುವನ್ನು ನಾಲ್ಕು ಜನ ಎತ್ತಿ ಹಿಂದಿನ ಸೀಟಿನಲ್ಲಿ ಮಲಗಿಸಿದರು. ಗಾಡಿ ಶುರುವಾಯಿತು. ಶುರುವಾಗುತ್ತಲೇ ಚಳಿಜ್ವರ ಬಂದವರಂತೆ ನಡುಗತೊಡಗಿತು. ಊರ ಹೊರಗಿನ ನಾಲೆಯ ಹತ್ತಿರ ಗಾಡಿ ತಾನಾಗಿಯೇ ನಿಂತಿತು. ಹಿಂತಿರುಗಿ ನೋಡಿದರೆ, ಕಾಕು ಕೆಳತುಟಿ ಕಚ್ಚಿ ಹಿಡಿದಿದ್ದಳು, ಗದ್ದದ ಮೇಲೆ ರಕ್ತ ಇಳಿದಿತ್ತು.

ಹತ್ತಿರದ ಹೊಲದಿಂದ ಒಂದು ಜೋಡಿ ಎತ್ತು ತಂದು ಗಾಡಿಯನ್ನು ಮನೆಗೆ ಎಳೆಸಿದೆವು. ದಾರಿಯಲ್ಲಿ ಕಾಕು ನಿದ್ದೆ ಹೋದಳು. ಗಾಬರಿಗೆ ಕಣ್ಣು ಮುಚ್ಚಿದ್ದಾಳೆ ಎಂದುಕೊಂಡೆ ನಾನು.

ಅಲ್ಲಿಂದ ಶುರುವಾಯಿತು ದೂರಿನ ಕಾಂಡ. ನಾನು ಉರ್ದು ಶಾಲೆಯಲ್ಲಿ ಮಿಡಲ್ ಪಾಸಾದವನು. ಬರೆಯುವ ಕೆಲಸ ನನ್ನದು, ಅಂಚೆಗೆ ಹಾಕುವ ಕೆಲಸ ಕಾಕಾನದು. ಕಾಕುವಿನ ಮಂಚದ ಪಕ್ಕದಲ್ಲಿ ನಿಂತು, ಹುಮನಾಬಾದಿಗೇ ಕೇಳಿಸಬೇಕು ಎನ್ನುವಷ್ಟು ದೊಡ್ಡ ದನಿಯಲ್ಲಿ ಕಾಕಾ ಹೇಳುತ್ತಿದ್ದರು. "ಬರಿ. ನೀವು ಕೊಟ್ಟ ಗಾಡಿ ನಡುಗಾಕತ್ತದ. ಮೈಗಳ್ಳ ಅದ. ಜಾತಿ ಛಲೋ ಇಲ್ಲ."

"ಜಾತಿ ಅಂತ ಹ್ಯಾಂಗ ಬರೀಲಿ ಕಾಕಾ, ಅದು ಕಬ್ಬಿಣ."

"ಕಬ್ಬಿಣಕ್ಕೂ ಜಾತಿ ಇರ್ತದ. ನೀ ಬರಿ."

ಮುಂದಿನ ಮಂಗಳವಾರ ಹೊರಟೆವು. ಸೋಮವಾರ ನಾವು ಎತ್ತು ಹೂಡುವುದಿಲ್ಲ, ಮೋಟಾರಿಗೂ ಆ ನೇಮ ತಪ್ಪಲಿಲ್ಲ. ಮುಂದೆ ನೊಗದ ಹತ್ತಿರ ಕಾಕಾ, ಒಳಗೆ ಸ್ಟಿಯರಿಂಗ್ ಹಿಡಿದು ನಾನು. ಒಂದು ಪೂರ್ತಿ ದಿನದ ದಾರಿ. ಮರುದಿನ ಬೆಳಿಗ್ಗೆ ಕಾಕಾ ಗಾಡಿಯ ಹಗ್ಗವನ್ನು ಅಂಗಡಿಯ ಕಂಬಕ್ಕೆ ಬಿಗಿದು, "ತಗೋರಿ ನಿಮ್ಮ ಎತ್ತ" ಎಂದರು.

ಉಸ್ತಾದ್ ಹ್ಯಾಂಡಲ್ ಹಾಕಿ ಒಂದೇ ಸುತ್ತು ತಿರುಗಿಸಿದ. ಗಾಡಿ ಶುರುವಾಯಿತು, ನಿಲ್ಲಲೇ ಇಲ್ಲ. ಬಜಾರದಲ್ಲಿ ಎರಡು ಸುತ್ತು ಹೊಡೆಯಿತು. ಸೇಠಜಿ ಮೀಸೆಯಲ್ಲೇ ನಕ್ಕರು.

"ಮೈಗಳ್ಳ ಎತ್ತ ಮಾರಿದವನ ಮುಂದ ಹಂಗೇ ನಡೀತದರಿ" ಎಂದರು ಕಾಕಾ. ಆಮೇಲೆ ಒಂದು ಲೋಟದ ತುಂಬ ನೀರು ತರಿಸಿ ಹಿಂದಿನ ಸೀಟಿನ ನಡುವೆ ಇಟ್ಟರು. "ಈಗ ಚಾಲೂ ಮಾಡ್ರಿ. ಈ ನೀರ ಚೆಲ್ಲಬಾರದು."

ನೀರು ಚೆಲ್ಲಿತು. ಉಸ್ತಾದ್ ನಟ್ಟು ಬಿಗಿದ, ಅಡಿಗೆ ರಬ್ಬರ್ ಕೊಟ್ಟ, ಯಾವುದೋ ಪುರ್ಜೆ ಬದಲಿಸಿದ. ನೀರು ಚೆಲ್ಲಿತು. ಎರಡನೆಯ ತಿಂಗಳು ಮತ್ತೆ ಬಂದೆವು, ಮತ್ತೆ ಚೆಲ್ಲಿತು. ಕೊನೆಗೆ ಸೇಠಜಿ ಕೈಮುಗಿದು, "ಸಾವಕಾರ್ರೆ, ಮೋಟಾರ ಅಂದ್ರ ನಡುಗೂದೇ. ನಡುಗದ ಮೋಟಾರ ಅಂದ್ರ ಸತ್ತ ಮೋಟಾರ ನೋಡ್ರಿ" ಎಂದರು.

ಕಾಕಾ ಖಾಲಿ ಲೋಟ ಕೈಯಲ್ಲಿ ಹಿಡಿದು ಎತ್ತುಗಳನ್ನೇ ನೋಡುತ್ತ ನಿಂತರು.

ಮೂರನೆಯ ತಿಂಗಳು ಕಾಕಾ, ಸೇಠಜಿ, ಉಸ್ತಾದ್ ಮೂವರೂ ಅಂಗಡಿಯ ಪರದೆಯ ಹಿಂದೆ ಹೋಗಿ ಬಹಳ ಹೊತ್ತು ಮಾತಾಡಿದರು. ನಾನು ಹೊರಗೆ ಎತ್ತು ಹಿಡಿದು ನಿಂತಿದ್ದೆ. ಹೊರಬಂದ ಕಾಕಾ ಬಜಾರು ಕೂಡುವಂತೆ ಕೂಗಾಡಿದರು. "ದಗಾ ಮಾಡಿದ್ರಿ ಸೇಠಜಿ! ನಂಬಿದ ಒಕ್ಕಲಗ ದಗಾ ಮಾಡಿದ್ರಿ." ಸೇಠಜಿ ತಲೆ ತಗ್ಗಿಸಿ ನಿಂತಿದ್ದರು. ಗಾಡಿ ಎಂಟು ದಿನ ಅಂಗಡಿಯಲ್ಲೇ ಉಳಿಯಿತು. ಬಿಡಿಸಿಕೊಂಡು ಬರುವಾಗ ನೋಡಿದರೆ, ಬಾನೆಟ್ಟಿಗೆ ಸುತ್ತಲೂ ಹಗ್ಗ ಬಿಗಿದಿತ್ತು.

"ಇದೇನ ಕಾಕಾ?"

"ಮೂಗದಾಣ. ಮೈಗಳ್ಳಗ ಮತ್ತೇನ ಹಾಕ್ತಾರ?"

ಅಲ್ಲಿಂದ ಮುಂದೆ ಪ್ರತಿ ಅಮಾವಾಸ್ಯೆ ಕಳೆದ ಮಂಗಳವಾರ ನಮ್ಮ ದೂರಿನ ಸವಾರಿ. "ಗಾಡಿ ನಡುಗಿದ್ದ ನೀನೇ ಬಂದ ಹೇಳಬೇಕಲ್ಲ, ನಡೀ" ಎಂದು ಕಾಕುವನ್ನೂ ಹಿಂದಿನ ಸೀಟಿನಲ್ಲಿ ಮಲಗಿಸಿಕೊಂಡು ಹೋಗುತ್ತಿದ್ದೆವು. ಹುಮನಾಬಾದಿನಲ್ಲಿ ಕಾಕಾ ಬಾಯಿಗೆ ಬಂದಂತೆ ಬೈಯುತ್ತಿದ್ದರು, ಸೇಠಜಿ ಕೇಳಿಕೊಳ್ಳುತ್ತಿದ್ದರು. ಕಾಕುವನ್ನು ನೆರಳಿಗೆ ಇಳಿಸಿದ ಮೇಲೆ ಉಸ್ತಾದ್ ಗಾಡಿಯನ್ನು ಹಿತ್ತಲಿಗೆ ತಳ್ಳಿಸಿಕೊಂಡು ಹೋಗಿ, ಮೊಣಕೈವರೆಗೆ ಕಪ್ಪು ಮಾಡಿಕೊಂಡು ಬಂದು, "ಮುಂದಿನ ತಿಂಗಳ ನೋಡೂಣ್ರಿ" ಎನ್ನುತ್ತಿದ್ದ. ಆಗ ಕಾಕಾ ಬೇಜಾರಿನ ಮುಖ ಮಾಡಿ ಕಾಕುವಿಗೆ ಹೇಳುತ್ತಿದ್ದರು. "ಇಷ್ಟ ದೂರ ಸುಮ್ಮ ಬಂದಂಗಾಯ್ತು. ಹ್ಯಾಂಗೂ ಬಂದೀವಿ, ಘಾಟಬೋರಾಳಕ್ಕರ ಹೋಗಿ ಬರೂಣು." ಕಾಕು ತಿಂಗಳಿಗೊಮ್ಮೆ ಅವ್ವನ ಮುಖ ನೋಡಿದಳು. ತಾಯಿ ಹೋದಾಗ ತಲೆದೆಸೆಯಲ್ಲಿ ಆಕೆಯೇ ಇದ್ದಳು.

ನನ್ನ ಪಾಡು ಕೇಳಬೇಡಿ. ಅಷ್ಟರಲ್ಲಿ ನಾನು ಶಾಲೆಯ ಮಾಸ್ತರನಾಗಿದ್ದೆ. ಪ್ರತಿ ಊರಿನ ಕಟ್ಟೆಯ ಮೇಲೂ ಯಾರಾದರೂ ಕಾದು ಕೂತಿರುತ್ತಿದ್ದರು. "ಮಾಸ್ತರ್ರೆ, ಹಾರ್ನ ಹೊಡೀರಿ, ಎತ್ತ ತೂಕಡಸಾಕತ್ಯಾವ." "ಮಾಸ್ತರ್ರೆ, ಸಗಣಿ ಎಲ್ಲಿಂದ ಬೀಳ್ತದ, ಮುಂದಿಂದೋ ಹಿಂದಿಂದೋ?" ನಾನು ಟವೆಲ್ಲನ್ನು ಕಣ್ಣಿನವರೆಗೆ ಎಳೆದುಕೊಂಡು ಸ್ಟಿಯರಿಂಗ್ ತಿರುಗಿಸುತ್ತಿದ್ದೆ. ಆಮೇಲೆ ಯುದ್ಧ ಶುರುವಾಗಿ ಪೆಟ್ರೋಲಿಗೆ ಬರ ಬಂತು. ಇದ್ದಬದ್ದ ಮೋಟಾರುಗಳೆಲ್ಲ ಕೊಟ್ಟಿಗೆ ಸೇರಿದವು. ಸಡಕಿನ ಮೇಲೆ ತಪ್ಪದೆ ಓಡಾಡುತ್ತಿದ್ದದ್ದು ನಮ್ಮದು. "ಎಲ್ಲಾರ ಗಾಡಿಗಿ ವಿಲಾಯ್ತಿ ಎಣ್ಣಿ ಬೇಕು, ನಮ್ಮದಕ್ಕ ಕಣಕಿ ಸಾಕು" ಎಂದು ಕಾಕಾ ಬೀಗಿದರು. ಕಣಕಿ ಎಂದರೆ ಒಣಗಿದ ಜೋಳದ ದಂಟು. ಆ ಒಂದು ವರ್ಷ ಮಂದಿ ನಗಲಿಲ್ಲ, ಒಪ್ಪಿದರು. ನನಗೆ ಅದು ಇನ್ನೂ ಕೆಟ್ಟದೆನಿಸಿತು.

ಒಂದು ಸವಾರಿಯಲ್ಲಿ ನನಗೆ ತಡೆಯಲಾಗಲಿಲ್ಲ. ಕಾಕಾ ಮುಂದೆ ಏರು ಹತ್ತಿಸುತ್ತಿದ್ದರು. ನಾನು ಹಿಂದಕ್ಕೆ ತಿರುಗಿ, "ಕಾಕು, ಕಾಕಾಗ ಹುಚ್ಚ ಹಿಡದದ. ಮಂದಿ ನಗಾಕತ್ಯಾರ. ನೀವರ ಹೇಳ್ರಿ" ಎಂದೆ.

ಕಾಕು ಕಣ್ಣು ಮುಚ್ಚಿಕೊಂಡೇ ಇದ್ದಳು. "ಎತ್ತಿನ ಉಸರ ಕೇಳು ತಮ್ಮಾ" ಎಂದಳು. "ಮೊದಲ ಈ ಏರಿನಾಗ ಏದತಿದ್ದು. ಈಗ ಏದೂದಿಲ್ಲ. ಗಾಡಿ ಹಗರ ಆಗ್ಯದ." ಏರು ಮುಗಿದ ಮೇಲೆ, "ನಿಮ್ಮ ಕಾಕಾಗ ಹೇಳಬ್ಯಾಡ" ಎಂದಳು.

ನಾನು ಆಕೆಯ ಮುಂಗೈ ನೋಡಿದೆ. ಬಳೆಗಳು ಮೊಣಕೈಗೆ ಜಾರಿದ್ದವು. ಎತ್ತುಗಳಿಗೂ ಗೊತ್ತಾಗುವಷ್ಟು ತಾನು ಸವೆದಿದ್ದೇನೆ ಎಂದು ಹೇಳುತ್ತಿದ್ದಾಳೆ ಎಂದು ತಿಳಿದೆ. ಟವೆಲ್ಲು ಆ ದಿನ ನಾಚಿಕೆಗಲ್ಲ, ಕಣ್ಣಿಗೆ ಬೇಕಾಯಿತು. ಆಮೇಲೆ ಎಂದೂ ನಾನು ತಕರಾರು ಮಾಡಲಿಲ್ಲ.

ಎಂಟನೆಯ ವರ್ಷ, ಮಳೆ ಹಿಡಿಯುವ ಮೊದಲೇ ಕಾಕು ತೀರಿಕೊಂಡಳು. ಹದಿನಾಲ್ಕನೆಯ ದಿನ ಕಾಕಾ ನನ್ನನ್ನು ಕರೆದು, ಬರಿದಾದ ಮಂಚದ ಪಕ್ಕದಲ್ಲಿ ನಿಂತು, "ಬರಿ" ಎಂದರು. ದನಿ ಈ ಸಲ ಸಣ್ಣದಿತ್ತು. "ಸೇಠಜಿ, ಗಾಡಿ ದುರಸ್ತ ಆಗ್ಯದ. ಇನ್ನ ದೂರು ಇಲ್ಲ." ದುಃಖಕ್ಕೆ ತಲೆ ಕೆಟ್ಟಿದೆ ಎಂದುಕೊಂಡು ಬರೆದುಕೊಟ್ಟೆ. ಗಾಡಿ ಕೊಟ್ಟಿಗೆ ಸೇರಿತು. ಹಿಂದಿನ ಸೀಟಿನ ಮೇಲೆ ಕೋಳಿಯನ್ನೂ ಹತ್ತಗೊಡದೆ ಕಾಕಾ ಐದು ವರ್ಷ ಅದನ್ನು ಕಾದರು. ಆಮೇಲೆ ತಾವೂ ಹೋದರು.

ಮೊನ್ನೆ ಹುಮನಾಬಾದಿನಿಂದ ಉಸ್ತಾದ್ ಮಾತಾಡಿಸಲು ಬಂದಿದ್ದ. ಗಡ್ಡ ಪೂರ್ತಿ ಬೆಳ್ಳಗಾಗಿದೆ. ಚಹಾ ಮುಟ್ಟದೆ, "ಗಾಡಿ ಎಲ್ಲಿ ಅದರಿ ಮಾಸ್ತರ್ರೆ?" ಎಂದು ಕೇಳಿದ. ಕೊಟ್ಟಿಗೆಗೆ ಕರೆದೊಯ್ದೆ. ಅವನು ಬಾನೆಟ್ಟಿನ ಹಗ್ಗ ಬಿಚ್ಚಿ ಮೇಲೆತ್ತಿದ.

ಒಳಗೆ ಇಂಜಿನ್ ಇರಲಿಲ್ಲ. ಇಂಜಿನ್ ಇರಬೇಕಾದ ಜಾಗದಲ್ಲಿ ಒಂದಿಷ್ಟು ಕಣಕಿ, ಕಣಕಿಯ ಮೇಲೆ ಕಾಗದದ ಕಟ್ಟು. ನನ್ನದೇ ಅಕ್ಷರ. ಮೂರನೆಯ ತಿಂಗಳಿನಿಂದ ಮುಂದೆ ನಾನು ಬರೆದ ಒಂದು ದೂರೂ ಅಂಚೆಗೆ ಬಿದ್ದಿರಲಿಲ್ಲ. ಎಲ್ಲದರ ಮೇಲೆ ಆ ಕೊನೆಯದು.

"ಪರದೆ ಹಿಂದ ಅವತ್ತ ಸಾವಕಾರ ಸೇಠಜಿ ಕೈ ಹಿಡದರು" ಎಂದ ಉಸ್ತಾದ್. "ನಡುಗದ ಮೋಟಾರ ಸತ್ತದ್ದು ಅಂದ್ರಿ, ನನಗ ಸತ್ತದ್ದೇ ಕೊಡ್ರಿ ಅಂದರು. ನಿಮ್ಮ ಸೀಟಿನ್ಯಾಗ ಸ್ಪ್ರಿಂಗ ಅವ, ಗಾಲಿಗಿ ರಬ್ಬರ ಅದ. ಎತ್ತ ಎಳದ್ರ ಆಕಿ ನಿದ್ದಿ ಮಾಡ್ತಾಳ. ಇಂಜಿನ ತಗದ ಎತ್ತಿಗಿ ಭಾರ ಇಳಸ್ರಿ ಅಂದರು."

"ಮತ್ತ ಆ ಬೈಗುಳ?"

"ತನ್ನ ಸಲುವಾಗಿ ಹೊಸ ಗಾಡಿ ಹಾಳ ಮಾಡ್ಯಾರ ಅಂತ ನಿಮ್ಮ ಕಾಕುಗ ಗೊತ್ತಾದ್ರ ಆಕಿ ಏರೂದಿಲ್ಲ. ತಪ್ಪ ನಿಮ್ಮದೇ ಇರ್ಲಿ ಸೇಠಜಿ ಅಂತ ಕೇಳಕೊಂಡರು. ಸೇಠಜಿ ಕೊನೀತನ ಬೈಸಕೊಂಡರು ನೋಡ್ರಿ. ಧಂದೆ ಕಮ್ಮಿ ಆತು, ಒಂದ ಮಾತ ಆಡಲಿಲ್ಲ."

"ಇಂಜಿನ್ ಏನಾತು?"

"ಹುಮನಾಬಾದಿನಾಗ ಹಿಟ್ಟಿನ ಗಿರಣಿ ನಡಸಾಕತ್ತದ. ಇನ್ನೂ ನಡುಗತದ."

ಇಬ್ಬರೂ ನಕ್ಕೆವು. ನಗುತ್ತಿರುವಾಗಲೇ ನನಗೆ ಆ ಏರು ನೆನಪಾಯಿತು, ಏದದೆ ಹತ್ತಿದ ಎತ್ತುಗಳು ನೆನಪಾದವು. ಕಾಕು ಒಕ್ಕಲುತನದ ಮನೆಯ ಮಗಳು. ಎತ್ತಿನ ಉಸಿರಿನಿಂದ ಭಾರ ಎಷ್ಟೆಂದು ಹೇಳಬಲ್ಲವಳು. ಅವಳು ಹೇಳಿದ್ದು ತನ್ನ ಮೈಯ ಮಾತಲ್ಲ, ಗಾಡಿಯದೇ.

"ನಿಮ್ಮ ಕಾಕುಗ ಕೊನೀತನ ಗೊತ್ತಾಗಲಿಲ್ಲಲ್ರಿ?" ಎಂದು ಉಸ್ತಾದ್ ಬಾನೆಟ್ ಮುಚ್ಚುತ್ತ ಕೇಳಿದ.

"ಇಲ್ಲ" ಎಂದೆ.

ಕಾಕಾಗೆ ಹೇಳಬೇಡ ಎಂದಿದ್ದಳು. ನಾನು ಹೇಳಲಿಲ್ಲ. ಈಗ ಹೇಳಬೇಕು ಅನ್ನಿಸುತ್ತದೆ, ಕಾಕಾ ಇಲ್ಲ.