ಮೈಗಿಂತ ಮೊದಲು ಹೊಲಿದ ರವಿಕೆ

"ನಮ್ಮನೆ ಹೆಣ್ಮಕ್ಳಿಗೆ ಹಾಂಗಿದ್ದೆಲ್ಲ ಆಪುದಲ್ಲ" ಎಂದು ಮೊಟ್ಟಮೊದಲು ಹೇಳಿದವರು ನನ್ನ ಸೋದರಮಾವ, ಬಾರ್ಕೂರಿನ ಶೀನ ಮಾವ. ನಾನು ಕುಂದಾಪುರದ ಕಾಲೇಜಿಗೆ ಬಿ.ಎಸ್ಸಿ. ಸೇರಿದಾಗಲೂ ಅವರು ಅಂಗಳದಲ್ಲಿ ನಿಂತು ಇದೇ ಮಾತು ಹೇಳಿದ್ದರು: "ಈ ಹೆಣ್ಣ್ ಡಿಗ್ರಿ ಮುಗ್ಸುದಾ? ನಾ ಬದ್ಕಿಪ್ಪತನ್ಕ ಆಪುದಲ್ಲ." ನಾನು ಡಿಗ್ರಿ ಮುಗಿಸಿದೆ, ಬಿ.ಎಡ್. ಕೂಡ ಮುಗಿಸಿದೆ. ನಮ್ಮ ಎರಡು ಕಡೆಯ ಮನೆಯವರನ್ನೂ ಸೇರಿಸಿದರೆ ಪದವಿ ಪಡೆದ ಮೊದಲ ಜೀವ ನಾನು. ಮಾವ ಇನ್ನೂ ಗಟ್ಟಿಮುಟ್ಟಾಗಿಯೇ ಇದ್ದಾರೆ. ಹಾಗಾಗಿ ಅವರು ಆಗುವುದಿಲ್ಲ ಎಂದರೆ ನನಗೆ ಅರ್ಧ ಕೆಲಸ ಆದಷ್ಟೇ ಸಮಾಧಾನ. ಉಳಿದರ್ಧಕ್ಕೆ ಮಾತ್ರ ಜಗಳ ಆಡಬೇಕು.

ಈ ಸಲದ ಜಗಳ ಮೊಲೆಗಳದ್ದು. ಈ ಶಬ್ದ ಕಂಡು ಪುಟ ಮಗುಚುವವರು ಮಗುಚಬಹುದು. ನಮ್ಮ ಮನೆಯಲ್ಲಿ ಎಲ್ಲರೂ ಅದಕ್ಕೆ 'ಅದು' ಎನ್ನುತ್ತಾರೆ, ಗಂಡಸರು ಅದನ್ನೂ ಅನ್ನದೆ ಮಾಡಿನ ಹಂಚು ನೋಡುತ್ತಾರೆ. ಹೆಸರೇ ಹೇಳಲಾಗದ ವಸ್ತುವಿನ ಅಳತೆಯ ಬಗ್ಗೆ ಮಾತ್ರ ಪ್ರತಿಯೊಬ್ಬರಿಗೂ ಖಚಿತವಾದ ಅಭಿಪ್ರಾಯ ಇರುತ್ತದೆ ಎಂಬುದು ನನಗೆ ಆ ವರ್ಷ ಗೊತ್ತಾಯಿತು. ಗೊತ್ತಾದ ಸಿಟ್ಟು ಇವತ್ತಿಗೂ ಇಳಿದಿಲ್ಲ.

ನನ್ನವು ದೊಡ್ಡವು. ಎಂಟನೇ ಕ್ಲಾಸಿನಲ್ಲೇ ದೊಡ್ಡವು. ಕಾಲೇಜಿಗೆ ಹೋಗುವಾಗ ಬಸ್ಸಿನಲ್ಲಿ ಪುಸ್ತಕಗಳನ್ನು ಎದೆಗೆ ಅವುಚಿಕೊಂಡು, ಬೆನ್ನು ಬಾಗಿಸಿ, ಕಂಬಕ್ಕೆ ಮುಖ ಮಾಡಿ ನಿಲ್ಲುತ್ತಿದ್ದೆ. ಹುಡುಗಿಗೆ ಪುಸ್ತಕವೆಂದರೆ ಎಷ್ಟು ಪ್ರೀತಿ ಎಂದು ಕಂಡಕ್ಟರ್ ಮೆಚ್ಚಿಕೊಂಡಿದ್ದ. ಬೇರೆಯವರು ಹೊರೆ ಹೊತ್ತರೆ ಮನೆ ಮುಟ್ಟಿದ ಮೇಲೆ ಇಳಿಸುತ್ತಾರೆ. ನನಗೆ ಆ ಸೌಲಭ್ಯ ಇರಲಿಲ್ಲ. ಹೆಗಲಿನ ಮೇಲೆ ಬ್ರಾ ಪಟ್ಟಿ ಕೂತು ಕೂತು ಬೆರಳು ಹಿಡಿಯುವಷ್ಟು ತಗ್ಗು, ಸೆಕೆಗಾಲದಲ್ಲಿ ಕೆಳಗೆಲ್ಲ ಬೆವರುಸಾಲೆ, ಕುತ್ತಿಗೆ ನೋವು. ಬರಬರುತ್ತಾ ಬಲಗೈ ಜೋಮು ಹಿಡಿಯತೊಡಗಿತು. ನಾನು ಹೈಸ್ಕೂಲಿನಲ್ಲಿ ಗಣಿತ ಕಲಿಸುವವಳು. ಕೈ ಮೇಲೆತ್ತಲಾಗದೆ ನನ್ನ ಪಾಠವೆಲ್ಲ ಕರಿಹಲಗೆಯ ಕೆಳಗಿನ ಅರ್ಧಕ್ಕೆ ಇಳಿಯಿತು. ಹಿಂದಿನ ಬೆಂಚಿನವರು ಎದ್ದು ನಿಂತು ತ್ರಿಕೋನ ನೋಡುತ್ತಿದ್ದರು. ಇನ್ನು ಒಂದೆರಡು ವರ್ಷ ಹೀಗೇ ಹೋದರೆ ಸೀಮೆಸುಣ್ಣ ಹಿಡಿಯುವುದೇ ಕಷ್ಟ ಎಂದು ಕುಂದಾಪುರದ ಮೂಳೆ ಡಾಕ್ಟರು ಹೇಳಿದಾಗ ನನಗೆ ಹೆದರಿಕೆಯಾದದ್ದು ಹೌದು. ಅಷ್ಟು ಕಷ್ಟಪಟ್ಟು ಗಳಿಸಿದ ಕೆಲಸವನ್ನು ನನ್ನ ಎದೆಯೇ ನನ್ನಿಂದ ಕಸಿಯುವುದೆಂದರೆ ಏನರ್ಥ?

ಮೂಳೆ ಡಾಕ್ಟರು ಕಳಿಸಿದ್ದು ಉಡುಪಿಯ ಆಚೆಯ ದೊಡ್ಡ ಆಸ್ಪತ್ರೆಯ ಸರ್ಜನ್ ಬಳಿಗೆ. ಬ್ರಹ್ಮಾವರದಲ್ಲಿ ಹಾರ್ಡ್‌ವೇರ್ ಅಂಗಡಿ ಇಟ್ಟಿರುವ ನಮ್ಮವರು ಜೊತೆಗೆ ಬಂದರು. ಡಾಕ್ಟರು ಪರೀಕ್ಷೆ ಮಾಡಿ, ಗಾತ್ರ ಇಳಿಸಿ ಮೇಲೆತ್ತಿ ಕೂರಿಸುತ್ತೇವೆ, ನೋವು ಕಡಿಮೆಯಾಗುತ್ತದೆ ಎಂದರು. "ಎಷ್ಟು ಇಳಿಸಬೇಕು ಅನ್ನೋದು ಮೊದಲೇ ತೀರ್ಮಾನ ಆಗ್ಬೇಕು" ಎಂದವರು ನನ್ನನ್ನು ದಾಟಿ ನಮ್ಮವರ ಕಡೆ ತಿರುಗಿ ಕೇಳಿದರು, "ಯಜಮಾನರ ಅಭಿಪ್ರಾಯ ಏನು?"

ಯಜಮಾನರು ಫ್ಯಾನು ನೋಡಿದರು. ಕುತ್ತಿಗೆ ನನ್ನದು, ಜೋಮು ನನ್ನದು, ಅಭಿಪ್ರಾಯ ಯಜಮಾನರದ್ದು. ನನಗೆ ಬಂದ ಸಿಟ್ಟಿಗೆ ಅಲ್ಲಿಯೇ ಎದ್ದು ಬರುವವಳಿದ್ದೆ, ಕೈ ಜೋಮು ಹಿಡಿದು ಬ್ಯಾಗು ಎತ್ತಲಾಗದೆ ಕೂತೆ.

ವಾಪಸು ಬರುವಾಗ ಬಸ್ಸಿನಲ್ಲಿ ನಮ್ಮವರಿಗೆ ಧ್ವನಿ ಬಂತು. "ಒಂದ್ ಸೈಜ್ ಜಾಸ್ತಿನೇ ಇರ್ಲಿ ಮಾರಾಯ್ತಿ. ಮತ್ತ್ ಬೇಕಂದ್ರೆ ಸಿಕ್ಕುದಿಲ್ಲ."

ಅವರ ತಪ್ಪಲ್ಲ, ಅಂಗಡಿಯ ಅಭ್ಯಾಸ. ಮೂರು ಅಡಿ ಉದ್ದದ ಪೈಪು ಕೇಳಿ ಬಂದವರಿಗೆ ನಾಲ್ಕು ಅಡಿಯದ್ದು ಕೊಟ್ಟು ಕಳಿಸುವವರು. ದೊಡ್ಡದನ್ನು ಕೊಯ್ಯಬಹುದು, ಸಣ್ಣದನ್ನು ಬೆಳೆಸಲಾಗುವುದಿಲ್ಲ ಎಂಬುದು ಅವರ ಜೀವನದರ್ಶನ. "ಹಾಂಗಾರೆ ನೀವೇ ಹೊತ್ಕಣಿ" ಎಂದೆ. ಮುಂದಿನ ಸೀಟಿನ ಅಜ್ಜಿ ತಿರುಗಿ ನೋಡಿ, "ಎಂತ ಹೊರೂದ್, ಅಕ್ಕಿ ಮೂಟೆಯಾ?" ಎಂದು ಕನಿಕರದಿಂದ ಕೇಳಿದರು.

ನನ್ನ ಅಮ್ಮ ಮಾತ್ರ ಪೂರ್ತಿ ನನ್ನ ಪಕ್ಷ. ಗೇರುಬೀಜದ ಕಾರ್ಖಾನೆಯಲ್ಲಿ ತಿರುಳು ಆರಿಸುವ ವಿಭಾಗದಲ್ಲಿ ಕೂತು ಕೂತು ನನ್ನನ್ನು ಓದಿಸಿದವಳು. ಬೇರೆಯವರು 'ಅದು' ಎನ್ನುವಾಗ ಅವಳು ನೇರ ಕೇಳಿದಳು. "ಈಗ್ ನಿಂದ್ ನಂಬ್ರ ಎಷ್ಟ್, ಹೆಣೆ?"

"ನಲವತ್ತೆರಡು."

"ಹಾಂಗಾರೆ ಅರ್ವತ್ ಮಾಡ್ಸ್ಕೊ. ಹಗೂರ ಆತ್ತ್."

ಗೇರು ತಿರುಳಿನ ಲೆಕ್ಕ ಹಾಗೆ. ಒಂದು ತೂಕಕ್ಕೆ ಎಷ್ಟು ತಿರುಳು ಹಿಡಿಯುತ್ತದೆ ಎಂಬುದೇ ಅದರ ನಂಬರು. ನಂಬರು ದೊಡ್ಡದಾದಷ್ಟೂ ತಿರುಳು ಸಣ್ಣದು. ಮೈಯ ಲೆಕ್ಕ ತಿರುಗುಮುರುಗು ಎಂದು ಅಮ್ಮನಿಗೆ ಒಪ್ಪಿಸುವುದಕ್ಕೆ ಒಂದು ಮಧ್ಯಾಹ್ನ ಹಿಡಿಯಿತು. ಒಪ್ಪಿದ ಮೇಲೆ, "ದೊಡ್ಡದಕ್ಕೆ ದೊಡ್ಡ್ ನಂಬ್ರ ಕೊಟ್ಟದ್ ಯಾವ್ ಪೆದ್ದ? ಹೆಂಗ್ಸ್ರಿಗೆ ನಾಚ್ಕಿ ಮಾಡುಕೇ ಮಾಡದ್ದ್" ಎಂದು ಬೈದಳು. ಡಾಕ್ಟರು ನಂಬರಿನ ಮೇಲೆ ಇಂಗ್ಲಿಷ್ ಅಕ್ಷರ ಬೇರೆ ಹೇಳಿದ್ದರು. ಅದನ್ನು ಅಮ್ಮನಿಗೆ ಹೇಳಲು ಹೋಗಲಿಲ್ಲ. ನಿಜ ಹೇಳಬೇಕೆಂದರೆ ನನಗೂ ಆ ಅಕ್ಷರಗಳು ಎಷ್ಟು ಎಂಬುದು ಕಣ್ಣಿಗೆ ಕಟ್ಟುತ್ತಿರಲಿಲ್ಲ. ನಮ್ಮ ಊರಲ್ಲಿ ಯಾವ ಹೆಂಗಸು ಟೈಲರಿಗೆ ನಂಬರು ಹೇಳಿದ್ದಾಳೆ? ಹಳೆಯ ರವಿಕೆಯೊಂದನ್ನು ಅಳತೆಗೆಂದು ಕೊಡುತ್ತೇವೆ, ಹೊಸದು ಅದರಂತೆಯೇ ಬರುತ್ತದೆ.

ಅಮ್ಮ ಅದನ್ನೇ ಹಿಡಿದುಕೊಂಡಳು. "ಡಾಕ್ಟ್ರಿಗೂ ಅಳತೆ ರವ್ಕೆ ಕೊಟ್ಟ್ರಾಯ್ತ್. ಅದ್ಕೆಂತಕ್ಕೆ ಗಂಡ್ನ ಕೇಂಬುದ್?"

ಕಷ್ಟ ಏನೆಂದರೆ, ನಾನು ಬೇಕೆಂದುಕೊಂಡ ಅಳತೆಯಲ್ಲಿ ನಾನು ಯಾವತ್ತೂ ಇದ್ದವಳಲ್ಲ. ಪೆಟ್ಟಿಗೆ ಪೂರ್ತಿ ಹುಡುಕಿದರೂ ಅಂಥ ರವಿಕೆ ಸಿಗಲಿಲ್ಲ. ಕೊನೆಗೆ ಟೈಲರ್ ವನಜಕ್ಕನ ಅಂಗಡಿಗೆ ಹೋದೆ. ಹೊಲಿದಾದ ರವಿಕೆಗಳು ಹಗ್ಗದ ಮೇಲೆ ಸಾಲಾಗಿ ನೇತಾಡುತ್ತಿದ್ದವು. ಅವುಗಳ ಮಧ್ಯೆ ತುಂಬ ಹೊತ್ತು ಓಡಾಡಿ, ಸೀರೆ ಅಂಗಡಿಯಲ್ಲೂ ಮಾಡದಷ್ಟು ಅಳೆದು ತೂಗಿ, ಒಂದನ್ನು ಆರಿಸಿದೆ.

"ಬೆನ್ನು, ಭುಜ, ಕೈ ನನ್ನದೇ ಅಳತೆ. ಎದುರಿನ ಭಾಗ ಮಾತ್ರ ಇದರಂತೆ ಹೊಲಿದು ಕೊಡಿ" ಎಂದೆ.

ವನಜಕ್ಕ ರವಿಕೆ ನೋಡಿದಳು, ನನ್ನನ್ನು ನೋಡಿದಳು. "ಟೀಚರ್ರೆ, ಇದ್ ನಿಮ್ಗ್ ಆತಿಲ್ಲ."

"ಈಗ ಆಗೂದಿಲ್ಲ. ಮುಂದಿನ ತಿಂಗಳಿಗೆ ಆಗ್ತದೆ."

ಅವಳು ಟೇಪು ಕೊರಳಿಗೆ ಹಾಕಿಕೊಂಡು ಚೀಟಿಯಲ್ಲಿ ಅಳತೆ ಬರೆದುಕೊಂಡಳು. ಟೀಚರಿಗೆ ಓದಿ ಓದಿ ಏನೋ ಆಗಿದೆ ಎಂದು ಆ ವಾರ ಪೇಟೆಯಲ್ಲೆಲ್ಲ ಸುದ್ದಿಯಾಯಿತಂತೆ. ಮೈಗಿಂತ ಮೊದಲು ರವಿಕೆ ಹೊಲಿಸಿದ ಹೆಂಗಸು ಸುತ್ತಿನ ಮೂರು ಊರಿನಲ್ಲಿ ನಾನೊಬ್ಬಳೇ ಇರಬೇಕು.

ಮುಂದಿನ ಸಲ ಡಾಕ್ಟರ ಬಳಿ ನಮ್ಮವರನ್ನು ಹೊರಗಿನ ಬೆಂಚಿನಲ್ಲಿ ಕೂರಿಸಿದೆ. ಒಳಗೆ ಅಮ್ಮನನ್ನು ಕರೆದುಕೊಂಡು ಹೋದೆ. ಮೇಜಿನ ಮೇಲೆ ರವಿಕೆ ಇಟ್ಟೆ.

"ಏನಿದು?" ಎಂದರು ಡಾಕ್ಟರು.

"ಅಳತೆ, ಸರ್. ಇಷ್ಟಕ್ಕೆ ತನ್ನಿ."

ಅವರು ನಕ್ಕರು. ನಾನು ನಗಲಿಲ್ಲ. ಆಮೇಲೆ ಅವರೂ ನಗು ನಿಲ್ಲಿಸಿ, ಮೊದಲ ಬಾರಿಗೆ ನನ್ನ ಮುಖ ನೋಡಿ ಮಾತಾಡಿದರು. ಎದೆಯ ಅಗಲಕ್ಕೆ ತಕ್ಕಷ್ಟು ಉಳಿಸಬೇಕು, ರಕ್ತ ಸಂಚಾರ ಕೆಡಬಾರದು, ಇಷ್ಟೇ ಬರುತ್ತದೆಂದು ಹೊಲಿಗೆಯವರಂತೆ ಮಾತು ಕೊಡಲಾಗದು, ಗುರುತಂತೂ ಉಳಿಯುತ್ತದೆ ಎಂದು ವಿವರಿಸಿದರು. ನಾನು ಒಂದೊಂದಕ್ಕೂ ಪ್ರಶ್ನೆ ಹಾಕಿದೆ. ಸಾಕು ಎನಿಸುವಷ್ಟು ಹಾಕಿದೆ. ಕೊನೆಗೆ ರವಿಕೆಯ ಅಂಚಿನಲ್ಲಿ ಬೆರಳಿಟ್ಟು, "ಇದಕ್ಕಿಂತ ಒಂದು ಚೂರು ದೊಡ್ಡದು. ಅದು ಸುರಕ್ಷಿತ. ನಿಮಗೆ ಒಪ್ಪಿಗೆಯಾ?" ಎಂದು ಕೇಳಿದರು. ನಿಮಗೆ ಎಂದು ಕೇಳಿದರು. ಆ ಒಂದು ಶಬ್ದಕ್ಕೆ ನಾನು ಎರಡು ಸಲ ಉಡುಪಿ ದಾಟಿ ಬರಬೇಕಾಯಿತು. ಒಪ್ಪಿದೆ.

ಆಪರೇಷನ್ ಆಯಿತು. ನೋವಿನ ಕಥೆ ಬೇಡ, ನೋವು ಇತ್ತು. ಎಚ್ಚರವಾಗಿ ಬ್ಯಾಂಡೇಜಿನ ಮೇಲಿಂದ ಕೆಳಗೆ ನೋಡಿದರೆ ನನ್ನ ಕಾಲಿನ ಹೆಬ್ಬೆರಳು ಕಂಡಿತು. ಮಲಗಿಕೊಂಡು ಅದನ್ನು ಕಾಣದೆ ಎಷ್ಟು ಕಾಲವಾಗಿತ್ತೋ. ಅಳು ಬಂತು. ಹೊಲಿಗೆ ಎಳೆಯುತ್ತದೆಂದು ಅಮ್ಮ ಅಳಲು ಬಿಡಲಿಲ್ಲ.

ರಜೆ ಮುಗಿದು ಶಾಲೆಗೆ ಹೋದ ದಿನ, ಇನ್ನೂ ಭಾರ ಎತ್ತಬಾರದೆಂದು ಅಮ್ಮ ನನ್ನ ಬ್ಯಾಗು ಹಿಡಿದು ಬಂದಿದ್ದಳು. ಕೆಲಸಕ್ಕೆ ಸೇರಲು ಡಾಕ್ಟರ ಫಿಟ್‌ನೆಸ್ ಸರ್ಟಿಫಿಕೇಟ್ ಬೇಕು. ಹೆಡ್‌ಮಾಸ್ಟರರ ಕೈಗೆ ಕೊಟ್ಟೆ. ಆಪರೇಷನ್ನಿನ ಹೆಸರು ಇಂಗ್ಲಿಷಿನಲ್ಲಿ ದೊಡ್ಡದಾಗಿ ಇತ್ತು. ಅವರು ಓದಿದರು, ತುಟಿ ಅಲುಗಿಸುತ್ತಾ ಇನ್ನೊಮ್ಮೆ ಓದಿದರು. ಕಾಗದದಿಂದ ಎದ್ದ ಕಣ್ಣು ನನ್ನ ಮುಖಕ್ಕೆ ಬರಬೇಕಿತ್ತು. ದಾರಿಯಲ್ಲೇ ನಿಂತಿತು.

"ಕುತ್ತಿಗೆ ನೋವು ಅಂತ ರಜೆ ಹಾಕಿದ್ರಲ್ಲ ನೀವು" ಎಂದರು.

"ಹೌದು ಸರ್. ಕುತ್ತಿಗೆ ಇನ್ನೂ ಸ್ವಲ್ಪ ಮೇಲೆ ಉಂಟು. ಅಳತೆ ಎಲ್ಲ ಡಾಕ್ಟ್ರು ತಗೊಂಡಾಗಿದೆ, ನೀವು ಸರ್ಟಿಫಿಕೇಟ್ ತಗೊಂಡರೆ ಸಾಕು."

ಅವರು ಕಾಗದವನ್ನು ಫೈಲಿಗೆ ಸೇರಿಸಿ ಕಿಟಕಿ ನೋಡತೊಡಗಿದರು. ನಾನು ಹಾಜರಿ ಸಹಿ ಹಾಕಿ, ತಲೆಯೆತ್ತಿ, ಬೆನ್ನು ನೆಟ್ಟಗೆ ಮಾಡಿ ಹೊರಗೆ ಬಂದೆ. ಜಗಲಿಯಲ್ಲಿ ನಿಂತು ಒಳಗಿನ ಮಾತೆಲ್ಲ ಕೇಳಿಸಿಕೊಂಡಿದ್ದ ಅಮ್ಮ ಬ್ಯಾಗು ನನ್ನ ಕೈಗೆ ಕೊಡದೆ, ನನ್ನನ್ನೇ ನೋಡುತ್ತಾ ಹೇಳಿದಳು:

"ಅಷ್ಟ್ ದೊಡ್ಡ ಡಾಕ್ಟ್ರ್ ಹತ್ರ ಹೋದ್ಯಲೆ, ಹೆಣೆ. ಅದ್ರೊಟ್ಟಿಗೇ ಆ ನಾಲ್ಗೆನೂ ಒಂಚೂರ್ ಸಣ್ಣ ಮಾಡ್ಸಿರೆ ಆತಿತ್ತ್."